ಪಾನಾಗಳ ಹಾಸಿಗೆ

ಫೋಮ್ ಕೊಯ್ಯುವುದು ಹಗುರ ಕೆಲಸ ಅಂತ ಯಾರಾದರೂ ಅಂದರೆ ನನಗೆ ಈಗಲೂ ಮೈ ಉರಿಯುತ್ತದೆ. ವಸ್ತು ಹಗುರ, ಕೆಲಸ ಹಗುರವಲ್ಲ. ಚೂರಿ ಒತ್ತಿದರೆ ಅದು ಬಗ್ಗುತ್ತದೆ, ಕೊಯ್ಯಿಸಿಕೊಳ್ಳುವುದಿಲ್ಲ. ಕೈ ಬಿಟ್ಟರೆ ಮತ್ತೆ ಎದ್ದು ಕೂರುತ್ತದೆ. ಹಟ ಹಿಡಿದ ಕೂಸಿಗೆ ಅಂಗಿ ತೊಡಿಸಿದ ಹಾಗೆ. ಅದರ ಪುಡಿ ಮೂಗಿನೊಳಗೆ ಹೋಗುತ್ತದೆ, ಅಂಟಿಸುವ ಸೊಲ್ಯೂಷನ್ನಿನ ವಾಸನೆ ತಲೆಗೆ ಏರುತ್ತದೆ, ಮಧ್ಯಾಹ್ನ ಉಣ್ಣಲು ಕೂತರೆ ರೊಟ್ಟಿಗೂ ಅದೇ ರುಚಿ. ಇಷ್ಟು ವರ್ಷ ಮಾಡಿದೆ. ಸಾಕಾಗಿದೆ ನನಗೆ.

ಸುರಪುರಕ್ಕೆ ಹತ್ತಿಕೊಂಡೇ ಇರುವ ರಂಗಂಪೇಟೆಯಲ್ಲಿ ನಮ್ಮ ಸೀಟ್ ಕವರಿನ ಅಂಗಡಿ. ಗಂಡ ಮಷೀನಿನ ಮೇಲೆ ರೆಕ್ಸಿನ್ ಹೊಲಿಯುತ್ತಿದ್ದ, ನಾನು ನೆಲದ ಮೇಲೆ ಕೂತು ಫೋಮ್ ಕೊಯ್ಯುತ್ತಿದ್ದೆ. ಕಾಲುವೆ ನೀರು ಬಂದ ಮೇಲೆ ಹುಣಸಗಿ ಕಡೆಯ ಜೋಳದ ಹೊಲಗಳಿಗೆ ಭತ್ತ ಬಂತು, ಭತ್ತದ ಬೆನ್ನಿಗೆ ಟ್ರ್ಯಾಕ್ಟರುಗಳು ಬಂದವು, ಆ ಟ್ರ್ಯಾಕ್ಟರುಗಳ ಸೀಟುಗಳೆಲ್ಲ ಹರಿದು ನಮ್ಮ ಅಂಗಡಿಗೆ ಬಂದವು. ನೀರು ಬಂದರೆ ಸುಖ ಬರುತ್ತದೆ ಅಂತ ಊರೆಲ್ಲ ಹೇಳುತ್ತಿತ್ತು. ನನಗೆ ಬಂದದ್ದು ನಡುನೋವು. ಹೊಲ ಇದ್ದವರಿಗೆ ನೀರು, ಇಲ್ಲದವರಿಗೆ ಸೊಳ್ಳೆ, ಇನ್ನೇನು.

ನನ್ನ ಅಣ್ಣ ಹುಣಸಗಿ ಆಚೆಯ ಒಂದು ಕಾಲುವೆ ಕ್ಯಾಂಪಿನಲ್ಲಿದ್ದ. ಅಲ್ಲೊಂದು ವರ್ಕ್‌ಶಾಪು. ಕಾಲುವೆಯ ಗೇಟುಗಳು, ಅವುಗಳನ್ನು ಎತ್ತುವ ಯಂತ್ರಗಳು, ಇಲಾಖೆಯ ಜೀಪುಗಳು ಕೆಟ್ಟರೆ ಅಲ್ಲಿ ರಿಪೇರಿ. ಅಣ್ಣನದು ಸಾಮಾನಿನ ಕೋಣೆ. ಗೋಡೆಗೊಂದು ಕಿಟಕಿ, ಕಿಟಕಿಯ ಹಿಂದೊಂದು ಕುರ್ಚಿ, ಕುರ್ಚಿಯ ಪಕ್ಕ ತಗಡಿನ ಡ್ರಾಗಳ ದೊಡ್ಡ ಕಪಾಟು. ಫಿಟ್ಟರುಗಳು ಹೊರಗೆ ನಿಂತು ಇಂಥಾ ಪಾನಾ ಕೊಡ್ರಿ, ಇಂಥಾ ಪಕ್ಕಡ ಕೊಡ್ರಿ ಅಂತ, ಅಂದರೆ ಸ್ಪ್ಯಾನರು, ಇಕ್ಕಳ ಅಂತ, ಕೇಳುವುದು, ಅಣ್ಣ ಡ್ರಾದಿಂದ ತೆಗೆದು ಕೊಡುವುದು, ಸಂಜೆ ತಿರುಗಿ ಇಸಿದುಕೊಳ್ಳುವುದು. ದಿನಗೂಲಿ ನೌಕರಿ. ಕಾಯಂ ಆಗ್ತದ, ಈ ಸಲ ಆಗ್ತದ ಅನ್ನುತ್ತ ತಲೆ ಬೆಳ್ಳಗಾಗಿತ್ತು. ಮನೆಯಲ್ಲಿ ಮದುವೆಗೆ ಬಂದ ಹೆಣ್ಣುಮಕ್ಕಳು. ಆ ಕಿಟಕಿಯ ಹಿಂದಿನ ಕುರ್ಚಿಯೊಂದು ಉಳಿದರೆ ಸಾಕು ಅಂತ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತಿದ್ದಳು.

ಒಂದು ರವಿವಾರ ಅಣ್ಣ ಗೋಣಿಚೀಲದ ತುಂಬ ಪಾನಾ ಹೊತ್ತುಕೊಂಡು ಅಂಗಡಿಗೆ ಬಂದ. ಧಡಲ್ ಅಂತ ನೆಲಕ್ಕೆ ಇಳಿಸಿದ.

“ತಂಗೀ, ಇವಕ್ಕೊಂದು ಹಾಸಿಗಿ ಮಾಡಿಕೊಡು.”

“ಯಾಕ, ಪಾನಾಕ್ಕ ನಿದ್ದಿ ಹತ್ತವಲ್ತೇನು?” ಅಂದೆ.

ನಗಲಿಲ್ಲ ಅವನು. “ಡ್ರಾದಾಗ ರಾಶಿ ಬಿದ್ದಿರ್ತಾವ. ಒಂದಕ್ಕೊಂದು ಬಡದು ಮೂಲಿ ಹೋಗಾಕತ್ಯಾವ. ಒಂದೊಂದಕ್ಕ ಅದರ ಅದರ ಆಕಾರದ ತಗ್ಗು ಕೊಯ್ದು ಕೊಡು. ಇಟ್ರ ಅಲ್ಲೇ ಕುಂದ್ರಬೇಕು, ಅಲ್ಲಾಡಬಾರದು. ಎಡಕ್ಕ ಸಣ್ಣದು, ಬಲಕ್ಕ ದೊಡ್ಡದು. ಬಾಜೂಕ ಬೆರಳು ಹೋಗೂವಷ್ಟು ಸಂದಿ ಬಿಡು.”

“ಸರಕಾರದ ಪಾನಾದ್ದು ನಿನಗ್ಯಾಕ ಉಸಾಬರಿ? ಮನಿಗೆ ಮಾರಿ, ಊರಿಗೆ ಉಪಕಾರಿ ಅಂತ ಅವ್ವ ಅಂತಿದ್ದಳಲ್ಲ, ಸುಳ್ಳಲ್ಲ ನೋಡು.”

“ಮಾಡತೀಯೋ ಇಲ್ಲೋ?”

ಮಾಡುವುದಿಲ್ಲ ಅಂತ ಹೇಳಲು ಬಾಯಿ ತೆರೆದೆ. ಆದರೆ ಅವನು ನನ್ನ ಮುಖ ಬಿಟ್ಟು ಗೋಡೆ ಕಡೆ ಮುಖ ಮಾಡಿ ನಿಂತಿದ್ದ, ಎಂದೂ ಏನೂ ಕೇಳದವನು ಕೇಳಿದ್ದ. ಹೂಂ ಅಂದುಬಿಟ್ಟೆ. ನನ್ನ ಬಾಯಿ ಜೋರು, ಗಟ್ಟಿತನ ಅಷ್ಟಕ್ಕಷ್ಟೆ.

ಮೊದಲು ಸೀಟಿನ ಫೋಮಿನಲ್ಲೇ ಮಾಡಿ ನೋಡಿದೆ. ಸುಡುಗಾಡು, ಪಾನಾಕ್ಕಿದ್ದ ಆಯಿಲನ್ನೆಲ್ಲ ಹೀರಿಕೊಂಡು ಎರಡೇ ದಿನದಲ್ಲಿ ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗಾಯಿತು. ಆಮೇಲೆ ಅಣ್ಣ ಕ್ಯಾಂಪಿಗೆ ಬಂದ ಹೊಸ ಮೋಟರುಗಳ ಪೆಟ್ಟಿಗೆಯೊಳಗಿನ ಗಟ್ಟಿ ಫೋಮ್ ತಂದುಕೊಟ್ಟ. ಅದು ಆಯಿಲ್ ಕುಡಿಯುವುದಿಲ್ಲ, ಆದರೆ ಕೊಯ್ಯುವವರ ಜೀವ ಕುಡಿಯುತ್ತದೆ. ಮುರಿದ ಗರಗಸದ ಬ್ಲೇಡನ್ನು ಕಲ್ಲಿಗೆ ಮಸೆದು ಚೂರಿ ಮಾಡಿಕೊಂಡೆ. ಪಾನಾ ಇಟ್ಟು ಸುತ್ತ ಗುರುತು ಮಾಡಬೇಕು, ಗುರುತಿನ ಒಳಗಡೆಯೇ ಕೂದಲೆಳೆಯಷ್ಟು ಬಿಗಿಯಾಗಿ ಕೊಯ್ಯಬೇಕು. ಸಡಿಲಾದರೆ ಪಾನಾ ಉರುಳುತ್ತದೆ, ಬಿಗಿಯಾದರೆ ಬರುವುದೇ ಇಲ್ಲ. ಆರಪಾರ ತೂತು ಬೀಳುವ ಹಾಗೆ ಕೊಯ್ದ ಹಾಳೆಯನ್ನು ಕೆಳಗೊಂದು ತೆಳುವಾದ ಹಾಳೆಗೆ ಅಂಟಿಸಿದರೆ ತಗ್ಗು ತಯಾರು. ಹೇಳುವಾಗ ಒಂದು ಉಸಿರಿಗೆ ಮುಗಿಯುತ್ತದೆ. ಮಾಡುವಾಗ ಹೆಬ್ಬೆರಳಿನ ಬುಡ ಬಾತು ಲೋಟ ಹಿಡಿಯಲಿಕ್ಕೂ ಬರುತ್ತಿರಲಿಲ್ಲ.

ನಾವು ಹೊಲಿಗೆಯವರಿಗೆ ಒಂದು ಚಾಳಿ ಇರುತ್ತದೆ. ಬಟ್ಟೆಯಿರಲಿ, ರೆಕ್ಸಿನ್ ಇರಲಿ, ಸುಣ್ಣದ ಗುರುತು ಹಾಕುವುದು ಯಾವಾಗಲೂ ಉಲ್ಟಾ ಮಗ್ಗುಲಿಗೆ. ಮೇಲ್ಮಗ್ಗುಲಿಗೆ ಗೆರೆ ಬಿದ್ದರೆ ಮಾಲು ಕೆಟ್ಟಂತೆ, ಗಿರಾಕಿ ಮುಖಕ್ಕೆ ಎಸೆಯುತ್ತಾನೆ. ಈ ಚಾಳಿ ಕೈಯಲ್ಲಿ ಕೂತಿರುತ್ತದೆ, ತಲೆಯನ್ನು ಕೇಳುವುದಿಲ್ಲ. ಅಣ್ಣನ ಮೊದಲ ಡ್ರಾದ ಫೋಮನ್ನೂ ಹಾಗೆಯೇ ಬೋರಲು ಹಾಕಿ, ಬೆನ್ನಿನ ಮೇಲೆ ಪಾನಾ ಜೋಡಿಸಿ, ಗುರುತು ಹಾಕಿ ಕೊಯ್ದೆ. ಆಮೇಲೆ ಅಂಗಾತ ಹೊರಳಿಸಿ ಅಂಟಿಸಿದೆ. ಮೇಲೆ ಒಂದು ಗೆರೆ ಇಲ್ಲ, ಕನ್ನಡಿಯ ಹಾಗೆ ಚೊಕ್ಕ. ನಾನೇ ನೋಡಿ ನಾನೇ ಖುಷಿಪಟ್ಟೆ.

ಅದನ್ನು ಸುತ್ತಿಕೊಂಡು, ಪಾನಾದ ಚೀಲ ಹೊತ್ತು, ಹುಣಸಗಿ ಬಸ್ಸು ಹಿಡಿದು ಕ್ಯಾಂಪಿಗೆ ಹೋದೆ. ಸಾಮಾನಿನ ಕೋಣೆಯಲ್ಲಿ ಅಣ್ಣ ಡ್ರಾ ಎಳೆದು ಕೊಟ್ಟ. ಫೋಮ್ ಅಳತೆಗೆ ಸರಿಯಾಗಿ ಕೂತಿತು. ನಾನೇ ಒಂದೊಂದಾಗಿ ಪಾನಾ ಇಡಲು ಶುರು ಮಾಡಿದೆ. ಇಡುತ್ತ ಇಡುತ್ತ ತಪ್ಪು ಕಣ್ಣಿಗೆ ಬಿತ್ತು. ಬೋರಲು ಕೊಯ್ದು ಅಂಗಾತ ಮಾಡಿದ್ದೆನಲ್ಲ, ಎಡಗಡೆಯದ್ದೆಲ್ಲ ಬಲಕ್ಕೆ ಹೋಗಿತ್ತು, ಬಲಗಡೆಯದ್ದೆಲ್ಲ ಎಡಕ್ಕೆ ಬಂದಿತ್ತು. ಎಡಕ್ಕೆ ಸಣ್ಣದು ಅಂದಿದ್ದ ಅಣ್ಣ. ಎಡಕ್ಕೆ ಕೂತಿದ್ದು ಮೊಳಕೈಯುದ್ದದ ದೊಡ್ಡ ಪಾನಾ. ಬಾಗಿಲಲ್ಲಿ ನಿಂತು ನೋಡಿದವರಿಗೂ ಗೊತ್ತಾಗುವಂಥ ಎಡವಟ್ಟು.

ಅಣ್ಣ ಡ್ರಾದ ಮೇಲೆ ಬಗ್ಗಿದ. ನಾನು ಬೈಗುಳಕ್ಕೆ ತಯಾರಾದೆ.

“ಭಾಳ ಚಲೋ ಆಗ್ಯಾದ ತಂಗೀ,” ಅಂದ.

ಚೇಷ್ಟೆ ಮಾಡುತ್ತಿದ್ದಾನೆ ಅಂದುಕೊಂಡೆ. ಅಷ್ಟರಲ್ಲಿ ಕಿಟಕಿಗೆ ಒಬ್ಬ ವಯಸ್ಸಾದ ಫಿಟ್ಟರ್ ಬಂದು, “ಸಣ್ಣ ಪಾನಾ ಕೊಡ್ರಿ, ಎಲ್ಲಾದ್ರಕಿಂತ ಸಣ್ಣದು,” ಅಂದ. ಅಣ್ಣನ ಮುಖ ಕಿಟಕಿಯ ಕಡೆಗೇ ಇತ್ತು. ಕೈ ಮಾತ್ರ ಡ್ರಾದ ಎಡಮೂಲೆಗೆ ಹೋಗಿ ಅಲ್ಲಿದ್ದದ್ದನ್ನು ಎತ್ತಿತು. ಎತ್ತಿದ ಕೂಡಲೇ ಭಾರಕ್ಕೆ ಕೈ ನಿಂತಿತು. ಆಗಲೂ ಅವನು ಕೆಳಗೆ ನೋಡಲಿಲ್ಲ. ಅದನ್ನು ತಿರುಗಿ ಇಟ್ಟು ಪಕ್ಕದ್ದನ್ನು ತಡವಿದ, ಅದರ ಪಕ್ಕದ್ದನ್ನು ತಡವಿದ. ಫಿಟ್ಟರ್ ಒಂದು ಮಾತೂ ಆಡದೆ ನಿಂತಿದ್ದ. ನಾನೇ ಬಲಮೂಲೆಯ ಸಣ್ಣ ಪಾನಾ ತೆಗೆದು ಕಿಟಕಿಯಾಚೆ ಕೊಟ್ಟೆ.

ಫಿಟ್ಟರ್ ಹೋದ ಮೇಲೆ ಕೇಳಿದೆ. “ಅಣ್ಣಾ, ನಿನಗ ಕಾಣಂಗಿಲ್ಲೇನು?”

ಅವನು ಕಿಟಕಿಯ ಬಾಗಿಲು ಎಳೆದುಕೊಂಡ.

“ನಡುವ ಒಂದೀಟು ಬೆಳಕ ಅದ. ಅದೂ ಮಬ್ಬು. ಯಾದಗಿರಿ ಕಣ್ಣಿನ ದವಾಖಾನಿಗೆ ಹೋಗಿದ್ನಿ. ಕಣ್ಣಿನ ನರ ಒಣಗಾಕತ್ಯಾವಂತ. ಹೋಗಿದ್ದು ತಿರುಗಿ ಬರಂಗಿಲ್ಲಂತ.”

“ಯಾರಿಗೆ ಗೊತ್ತದ?”

“ನಿಮ್ಮ ವೈನಿಗೆ. ಈಗ ನಿನಗ. ಕ್ಯಾಂಪಿನಾಗ ಒಂದು ನೊಣಕ್ಕೂ ಗೊತ್ತಾಗಬಾರದು. ಕಾಯಂ ಆಗಲಾರದವಗ ಕಣ್ಣು ಹೋತಂದ್ರ ಯಾರು ಇಟಗೋತಾರ? ಕೈಗೆ ಒಂದು ಜಾಗ ಗೊತ್ತಾದ್ರ ಸಾಕು ತಂಗೀ, ಉಳದದ್ದು ನಾ ನೋಡ್ಕೋತೇನಿ.”

ನನಗೆ ಮೊದಲು ಬಂದದ್ದು ಸಿಟ್ಟು. ಒಡಹುಟ್ಟಿದವಳಿಗೆ ಹೇಳದೆ ಪಾನಾ ಬಡಿದು ಮೂಲೆ ಹೋಗುತ್ತವೆ ಅಂತ ಕಥೆ ಹೇಳಿದನಲ್ಲ ಅಂತ. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ಅತ್ತೆ. ಕಣ್ಣೀರು ಅವನಿಗೆ ಕಾಣುತ್ತಿರಲಿಲ್ಲ, ಸಪ್ಪಳ ಕೇಳಬಾರದು ಅಂತ ಬಾಯಿ ಒತ್ತಿಕೊಂಡೆ.

ಆ ಫೋಮನ್ನು ತಿರುಗಿ ತಂದು ಎಸೆದು, ಹೊಸದನ್ನು ಮೇಲ್ಮಗ್ಗುಲಿಗೇ ಗುರುತು ಹಾಕಿ ಕೊಯ್ದೆ. ಆಮೇಲೆ ಇನ್ನೊಂದು ಡ್ರಾ, ಮತ್ತೊಂದು ಡ್ರಾ. ಪಕ್ಕಡಗಳು, ಕಬ್ಬಿಣ ಉಜ್ಜುವ ಕಾನಸುಗಳು, ಸುತ್ತಿಗೆಗಳು, ಸಾಕೆಟ್ಟುಗಳು. ಮುಗಿದದ್ದನ್ನು ಮಡಿಲಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿ ಬೆರಳಾಡಿಸಿ ನೋಡುತ್ತಿದ್ದೆ. ನನಗೇ ಗೊತ್ತಾಗದಿದ್ದರೆ ಮತ್ತೆ ಕೊಯ್ಯುತ್ತಿದ್ದೆ. ಟ್ರ್ಯಾಕ್ಟರ್ ಸೀಟುಗಳು ಅಂಗಡಿಯ ಮುಂದೆ ಗುಡ್ಡೆ ಬಿದ್ದವು.

“ಗಿರಾಕಿ ಬಂದು ಹೊಯ್ಕೊಳಾಕತ್ತಾರ, ನೀ ಸರಕಾರದ ಪಾನಾಕ್ಕ ಜೋಗುಳ ಹಾಡ್ಕೋತ ಕುಂತೀದಿ,” ಅಂತ ಗಂಡ ಕೂಗಾಡಿದ.

“ಹಾಡತೇನಿ. ನಿಂದೇನು ಗಂಟು ಹೋತು?” ಅಂತ ನಾನೂ ಕೂಗಾಡಿದೆ. ನಿಜ ಹೇಳುವ ಹಾಗಿರಲಿಲ್ಲ. ನನ್ನ ಗಂಡನ ಹೊಟ್ಟೆಯಲ್ಲಿ ಅಂಬಲಿ ನಿಲ್ಲುತ್ತದೆ, ಮಾತು ನಿಲ್ಲುವುದಿಲ್ಲ. ಬೆಳಿಗ್ಗೆ ಅಡುಗೆ, ಹಗಲೆಲ್ಲ ಸೀಟು, ಸಂಜೆ ಅಣ್ಣನ ಡ್ರಾ. ಕೂತಲ್ಲಿಂದ ಏಳುವಾಗ ಗೋಡೆ ಹಿಡಿದುಕೊಂಡು ಏಳುತ್ತಿದ್ದೆ. ಒಂದೊಂದು ಸಲ ಅನಿಸುತ್ತಿತ್ತು, ಕಣ್ಣು ಹೋದವನು ಅವನು, ಜೀವ ಹೋಗುತ್ತಿರುವುದು ನನ್ನದು ಅಂತ.

ಆದರೆ ಕೆಲಸ ನಡೆಯಿತು, ಅದನ್ನು ಹೇಳಬೇಕು. ಅಣ್ಣನ ಕೈ ಡ್ರಾದೊಳಗೆ ಮನೆಯ ಮಜ್ಜಿಗೆ ಗಡಿಗೆಗೆ ಹೋದ ಹಾಗೆ ಹೋಗುತ್ತಿತ್ತು. ಕೇಳಿದವನು ಮಾತು ಮುಗಿಸುವುದರೊಳಗೆ ಪಾನಾ ಕಿಟಕಿಯಲ್ಲಿ. ಸಂಜೆ ಎಲ್ಲ ಬಂತೋ ಇಲ್ಲವೋ ನೋಡಲಿಕ್ಕೆ ತಗ್ಗುಗಳ ಮೇಲೆ ಒಮ್ಮೆ ಅಂಗೈ ಆಡಿಸಿದರೆ ಮುಗಿಯಿತು. ಖಾಲಿ ತಗ್ಗು ಅಂಗೈಗೆ ತಾನೇ ಹೇಳುತ್ತಿತ್ತು. ದೂರದಿಂದ ನೋಡಿದರೆ ಬಹಳ ಗತ್ತಿನ ಮನುಷ್ಯ, ಸಾಮಾನಿನ ಕಡೆ ನೋಡುವುದೂ ಇಲ್ಲ ಅನ್ನಬೇಕು, ಹಾಗೆ ಕೂತಿರುತ್ತಿದ್ದ. ಎರಡು ಭತ್ತದ ಬೆಳೆ ಹೀಗೇ ಕಳೆಯಿತು. ದೊಡ್ಡ ಮಗಳಿಗೆ ಶಹಾಪುರದ ಕಡೆ ಗಂಡು ಗೊತ್ತಾಯಿತು. ಹುಡುಗನ ಕಡೆಯವರಿಗೆ ವೈನಿ, ಹುಡುಗಿಯ ಅಪ್ಪ ಕ್ಯಾಂಪಿನಲ್ಲಿ ಸಾಮಾನಿನ ಕೋಣೆಗೆಲ್ಲ ದೊಡ್ಡವರು ಅಂತ ಹೇಳಿದ್ದಳು.

ಆಮೇಲೆ ಕ್ಯಾಂಪಿಗೆ ಹೊಸ ಸಾಹೇಬರು ಬಂದರು. ಎಂಜಿನಿಯರು, ಮೈಸೂರು ಕಡೆಯ ಮಾತು, ಮೆತ್ತಗಿನ ಮನುಷ್ಯ. ಕೆಟ್ಟವರು ಅಂತ ಈಗಲೂ ಅನ್ನುವುದಿಲ್ಲ. ಅವರು ವರ್ಕ್‌ಶಾಪ್ ತಪಾಸಣೆಗೆ ಬಂದ ದಿನ ನಾನೂ ಅಲ್ಲಿದ್ದೆ. ಸಾಕೆಟ್ಟಿನ ಡ್ರಾದ ಫೋಮ್ ಬಿಸಿಲಿಗೆ ಅಂಟು ಬಿಟ್ಟಿತ್ತು, ಮತ್ತೆ ಅಂಟಿಸಲು ಹೋಗಿದ್ದೆ. ಸೊಲ್ಯೂಷನ್ ಡಬ್ಬಿ ಹಿಡಿದು ಮೂಲೆಗೆ ಸರಿದು ನಿಂತೆ. ಫಿಟ್ಟರುಗಳೆಲ್ಲ ಸಾಹೇಬರ ಹಿಂದೆ ಬಾಗಿಲಲ್ಲಿ ನಿಂತರು.

ಸಾಹೇಬರು ಅದು ಕೊಡಿ, ಇದು ಕೊಡಿ ಅಂತ ಕೇಳಿದರು. ಅಣ್ಣ ಒಂದೂ ತಪ್ಪದೆ ಕೊಟ್ಟ. ಆಮೇಲೆ ಸಾಹೇಬರು ತಾವೇ ಒಂದೊಂದು ಡ್ರಾ ಎಳೆದು ನೋಡಿದರು.

“ಅಬ್ಬಾ, ಎಷ್ಟು ಅಚ್ಚುಕಟ್ಟು! ಇದನ್ನ ಮಾಡಿದ್ದು ಯಾರು?”

“ನನ್ನ ತಂಗಿರಿ, ಈಕಿ,” ಅಂದ ಅಣ್ಣ. ಹೆಮ್ಮೆ ಪಟ್ಟೆ ನಾನು, ಸುಳ್ಳೇಕೆ. ನನ್ನ ಕೆಲಸ ನೋಡಿ ಯಾರೂ ಹಾಗೆ ಅಂದಿರಲಿಲ್ಲ. ಟ್ರ್ಯಾಕ್ಟರಿನವರು ಸೀಟಿನ ಮೇಲೆ ಕೂತು ಹೋಗುತ್ತಾರೆ, ಅಷ್ಟೆ.

ಸಾಹೇಬರು ಡ್ರಾ ಮುಚ್ಚಿ ಕೈ ಒರೆಸಿಕೊಂಡರು. “ಒಂದು ಸಾಮಾನು ಇಲ್ಲ ಅಂದ್ರೆ ಜಾಗ ಖಾಲಿ ಕಾಣುತ್ತೆ. ಯಾರು ಬೇಕಾದ್ರೂ ತಗೋಬಹುದು, ಯಾರು ಬೇಕಾದ್ರೂ ಇಡಬಹುದು. ಇಷ್ಟು ಚೆನ್ನಾಗಿ ಮಾಡಿಟ್ಟ ಮೇಲೆ ಕಿಟಕಿ ಹತ್ರ ಒಬ್ಬರು ಕೂತ್ಕೊಳ್ಳೋ ಅಗತ್ಯಾನೇ ಇಲ್ಲ, ಅಲ್ವಾ?” ಆಮೇಲೆ ಅಣ್ಣನ ಹೆಗಲ ಮೇಲೆ ಕೈಯಿಟ್ಟರು. “ನಿಮಗೂ ಈ ಕತ್ತಲೆ ಕೋಣೆ ಸಾಕಾಗಿರುತ್ತೆ. ಕಾಲುವೆ ಮೇಲೆ ಹಾಕ್ತೀನಿ. ಏರಿ ಮೇಲೆ ಓಡಾಡೋದು, ನೀರಿನ ಮಟ್ಟ ನೋಡಿ ಹೇಳೋದು. ಗಾಳಿ ಬೆಳಕು ಇರುತ್ತೆ, ಆರಾಮ.”

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ ನಾನು. ಅವನ ಕುರ್ಚಿ ಉಳಿಸಲಿಕ್ಕೆ ಬೆರಳು ಕೊಯ್ದುಕೊಂಡು ಮಾಡಿದ ಕೆಲಸವೇ ಅವನ ಕುರ್ಚಿ ಎಳೆದು ಹಾಕಿತ್ತು.

“ಆಗ್ಲಿರಿ ಸಾಹೇಬ್ರ,” ಅಂದ ಅಣ್ಣ.

ಆಗ್ಲಿ ಅಂತೆ! ಕಾಲುವೆ ತುಂಬಿ ಹರಿಯುವ ದಿನಗಳು. ಏರಿಯಿಂದ ಕಾಲು ಒಂದು ಗೇಣು ಆಚೆ ಬಿದ್ದರೆ ಹೆಣ ಯಾವ ತೂಬಿನಲ್ಲಿ ಸಿಗುತ್ತಿತ್ತೋ. ಅದು ಗೊತ್ತಿದ್ದೂ ಆಗ್ಲಿ ಅಂದ. ಕಣ್ಣಿಲ್ಲ ಅಂತ ಹೇಳುವುದಕ್ಕಿಂತ ಅದೇ ಹಗುರ ಅನಿಸಿತ್ತು ಅವನಿಗೆ.

ನನಗೆ ಏನಾಯಿತೋ. ಡಬ್ಬಿ ಬಿಸಾಕಿ ಮುಂದೆ ಹೋದೆ. ಮೇಲಿನ ಡ್ರಾ ಎಳೆದು ಫೋಮಿನ ಅಂಚಿಗೆ ಉಗುರು ಹಾಕಿ ಎತ್ತಿದೆ. ಪಾನಾಗಳು ಖಣಖಣ ಅಂತ ನೆಲಕ್ಕೆ ಸುರಿದವು.

“ಏನಮ್ಮಾ ಇದು?” ಅಂದರು ಸಾಹೇಬರು.

“ನನ್ನ ಫೋಮು. ನಾ ಒಯ್ತೇನಿ. ಮೊದಲ ಹ್ಯಾಂಗಿತ್ತೋ ಹಂಗೇ ರಾಶಿ ಹಾಕ್ಕೋರಿ, ಹುಡುಕಿ ಕೊಡಾಕ ಮನಶ್ಯಾ ಬೇಕಾಗ್ತಾನ!” ಫೋಮ್ ಅವರದೇ, ಮೋಟರಿನ ಪೆಟ್ಟಿಗೆಯದು. ಆ ಹೊತ್ತಿನಲ್ಲಿ ಯಾರಿಗೆ ನೆನಪು? ಎರಡನೆಯ ಡ್ರಾಕ್ಕೆ ಕೈ ಹಾಕಿದೆ. ಗಟ್ಟಿಯಾಗಿ ಅಂಟಿಸಿದ್ದೆ, ಬರಲಿಲ್ಲ. ಹರಿದೆ. ಪರ್ ಅಂತ ಸಪ್ಪಳ ಬಂತು.

“ಬ್ಯಾಡ ತಂಗೀ,” ಅಂದ ಅಣ್ಣ. “ಹರಿಬ್ಯಾಡ. ಅವರಿಗೆ ಬೇಕಾಗ್ತದ.”

ನಾನು ಕೇಳಲಿಲ್ಲ. ಮತ್ತೆ ಹರಿದೆ.

“ಸಾಹೇಬ್ರ,” ಅಂತ ಅಣ್ಣ ಕುರ್ಚಿಯಿಂದ ಎದ್ದು ನಿಂತ. ಸಾಹೇಬರು ಅವನ ಬಲಕ್ಕಿದ್ದರು, ಅವನು ಎದುರಿನ ಗೋಡೆಗೆ ಕೈ ಮುಗಿದ. “ನನಗ ಕಣ್ಣು ಕಾಣಂಗಿಲ್ರಿ. ಈ ಹಾಸಿಗಿ ನನಗಾಗಿ ಮಾಡ್ಯಾಳ್ರಿ. ಆಕಿಗೇನೂ ಅನಬ್ಯಾಡ್ರಿ.”

ನನ್ನ ಕೈಯಲ್ಲಿ ಫೋಮಿನ ತುಂಡು ಹಾಗೆಯೇ ಇತ್ತು. ಬಾಗಿಲಲ್ಲಿದ್ದ ಆ ವಯಸ್ಸಾದ ಫಿಟ್ಟರ್ ಒಂದು ಹೆಜ್ಜೆ ಮುಂದೆ ಬಂದ.

“ನಮಗ ಗೊತ್ತಿತ್ರಿ ಸಾಹೇಬ್ರ. ಇಲ್ಲೆಲ್ಲಾರಿಗೂ ಗೊತ್ತದ. ಅದಕ್ಕೇ ಒಂದೊಂದು ಪಾನಾ ಅದರ ಅದರ ತಗ್ಗಿನಾಗೇ ಇರಲಿ ಅಂತ ನಾವು ದಿನಾ ಸಂಜಿಕ ನೋಡತಿದ್ವಿ. ಅಂವ ಒಂದೊಂದು ಸಲ ಬ್ಯಾರೇದು ಕೊಟ್ರೂ ಸುಮ್ನ ಇಸಗೊಂಡು ಹೋಗಿ, ಅದ್ರಾಗೇ ಹ್ಯಾಂಗರ ಮಾಡಿ ಕೆಲಸ ನಡಸತಿದ್ವಿ. ಭಾಳ ಒಳ್ಳೆ ಮನಶ್ಯಾರಿ. ಇರಲಿ ಬಿಡ್ರಿ.”

ಅವನು ಒಳ್ಳೆಯದಕ್ಕೇ ಹೇಳಿದ. ಆದರೆ ನಾನು ಅಣ್ಣನ ಮುಖ ನೋಡುತ್ತಿದ್ದೆ. ಕುರ್ಚಿ ಹೋಗುತ್ತದೆ ಅಂದಾಗ ಬಾಡದಿದ್ದ ಮುಖ ಈಗ ಬಾಡಿತು. ಆಮೇಲೆ ಅವನು ಕುರ್ಚಿಯ ಬೆನ್ನು ಹಿಡಿದುಕೊಂಡ.

ಸಾಹೇಬರು ಅವನ ಕಡೆ ತಿರುಗಿದರು. “ಕಾಲುವೆ ಮೇಲಂತೂ ಕಳಿಸಲ್ಲ,” ಅಂದರು. “ಇಲ್ಲಿ ಕೂರಿಸೋಕೂ ಆಗಲ್ಲ, ಈಗ ನನಗೆ ಗೊತ್ತಾಗಿಬಿಟ್ಟಿದೆ. ಗೊತ್ತಾದ ಮೇಲೆ ನಾನೇನು ಮಾಡ್ಲಿ ಹೇಳಿ? ಮೇಲಿನವರನ್ನ ಕೇಳ್ತೀನಿ. ಅಲ್ಲಿವರೆಗೂ ಮನೇಲಿರಿ.” ಮನೆಯಲ್ಲಿರಿ ಅಂದರೆ ಏನು ಅಂತ ಅಲ್ಲಿದ್ದವರಿಗೆಲ್ಲ ತಿಳಿಯಿತು. ಕರೆ ಬರಲೇ ಇಲ್ಲ.

ನೆಲಕ್ಕೆ ಬಿದ್ದಿದ್ದ ಪಾನಾಗಳನ್ನು ಫಿಟ್ಟರುಗಳು ಆರಿಸತೊಡಗಿದರು. ನಾನೂ ಕೂರಲು ಹೋದೆ, ಅವರು ಬೇಡ ಅಕ್ಕಾ ಅಂದರು. ಅಣ್ಣ ಮೊಳೆಗೆ ಹಾಕಿದ್ದ ಚೀಲ ತೆಗೆದುಕೊಂಡ, ಊಟದ ಡಬ್ಬಿ ಅದರೊಳಗೆ ಇಟ್ಟುಕೊಂಡ, ಬಾಗಿಲಿಗೆ ಬಂದ. ಅವರು ಹಾದಿ ಬಿಟ್ಟು ನಿಂತರು. ನಮಸ್ಕಾರ್ರಿ ಅಂತ ಯಾರೋ ಅಂದರು, ಅವನು ತಿರುಗಿ ಅನ್ನಲಿಲ್ಲ.

ಕ್ಯಾಂಪಿನ ಗೇಟು ದಾಟಿ ಡಾಂಬರು ರಸ್ತೆಗೆ ಬರುವ ತನಕ ಒಂದು ಹೆಜ್ಜೆಯೂ ತಪ್ಪದೆ ನಡೆದ. ನಾನು ಹಿಂದೆ. ಬಿಸಿಲು ಬಹಳ ಅದ ಅಂದೆ. ಆಗ ನಿಂತ.

“ಎಲ್ಲಾರಿಗೂ ಗೊತ್ತಿತ್ತು,” ಅಂದ. “ನಾ ದಿನಾ ಅವರನ್ನ ಗೆಲ್ಲಾಕತ್ತೇನಿ ಅಂತ ತಿಳಕೊಂಡಿದ್ನಿ ತಂಗೀ. ಮನಿಗೆ ಬಂದು ನಿಮ್ಮ ವೈನಿಗೆ ಹೇಳ್ತಿದ್ನಿ, ಇವತ್ತೂ ಒಂದೂ ತಪ್ಪಲಿಲ್ಲ ನೋಡು ಅಂತ.”

ಲಾರಿಯೊಂದು ಧೂಳೆಬ್ಬಿಸಿಕೊಂಡು ಹೋಯಿತು. ಆಮೇಲೆ ಅವನು ಕೈಯನ್ನು ನನ್ನ ಕಡೆ ಅಂದುಕೊಂಡು ಖಾಲಿ ಜಾಗದ ಕಡೆ ಚಾಚಿದ.

“ಕೈ ಹಿಡಿ ತಂಗೀ,” ಅಂದ. “ಇನ್ನ ಯಾರ ಮುಂದ ಮುಚ್ಚಿಡೂದದ?”

ನಾನು ಆ ಕಡೆಗೆ ಸುತ್ತಿ ಹೋಗಿ ಕೈ ಹಿಡಿದೆ.